ಬೀಸುವ ಕಲ್ಲಿನ ಮುಂದೆ ಕಲಿಸಿದ ಕೀರ್ತನೆ

ಸುಗುಣಾ, ಪ್ರೇಮಾ, ಪುಟ್ಟ ಕರುಣಾ,

ಹೋದ ರಜೆಯಲ್ಲಿ ನೀವು ಮೂವರೂ ಬಂದಿದ್ದಾಗ, "ಅಜ್ಜಿ, ನೀವು ದೇವಾಲಯದಲ್ಲಿ ಹಾಡಿದ್ರಂತೆ, ಎಲ್ಲರೂ ನಕ್ಕರಂತೆ, ನಿಜವಾ?" ಎಂದು ಕೇಳಿದಿರಿ. ನಾನು ಕೆಮ್ಮಿ, ಸೌದೆ ತರುವ ನೆಪ ಮಾಡಿ ಹಿತ್ತಲಿಗೆ ಹೋದೆ. ಎದುರಿಗೆ ಕುಳಿತು ಹೇಳುವ ಧೈರ್ಯ ಈ ವಯಸ್ಸಿನಲ್ಲೂ ನನಗೆ ಬಂದಿಲ್ಲ. ಬರೆಯುವಾಗ ಯಾರೂ ಮುಖ ನೋಡುವುದಿಲ್ಲವಲ್ಲ, ಅದಕ್ಕೆ ಬರೆಯುತ್ತಿದ್ದೇನೆ. ಹಳ್ಳಿ ಶಾಲೆಯಲ್ಲಿ ನಾಲ್ಕನೆಯ ತರಗತಿಗೆ ನಿಂತವಳ ಅಕ್ಷರ ಇದು. ಓದುವಾಗ ಎಡವಿದರೆ ತಪ್ಪು ನಿಮ್ಮ ಕಣ್ಣಿನದಲ್ಲ.

ಮೊದಲು ಆ ಕೆಮ್ಮಿನ ವಿಷಯ ಹೇಳಿಬಿಡುತ್ತೇನೆ. ನಮ್ಮ ಕ್ರೈಸ್ತ ಸಭೆಯ ಹೆಂಗಸರು ವಾರಕ್ಕೊಮ್ಮೆ ಒಬ್ಬೊಬ್ಬರ ಮನೆಯಲ್ಲಿ ಕೂಡಿ ಪ್ರಾರ್ಥನೆ ಮಾಡುತ್ತಿದ್ದರು. ಚಾಪೆಯ ಮೇಲೆ ಸುತ್ತ ಕುಳಿತು, ಒಬ್ಬರಾದ ಮೇಲೆ ಒಬ್ಬರು ನಾಲ್ಕು ಮಾತು ಪ್ರಾರ್ಥಿಸಬೇಕು. ಪ್ರಾರ್ಥನೆ ನನ್ನ ಪಕ್ಕದವಳ ಹತ್ತಿರ ಬಂದ ಕೂಡಲೇ ನನಗೆ ಕೆಮ್ಮು ಹತ್ತುತ್ತಿತ್ತು. ನಾನು ಎದ್ದು ಹೊರಗೆ ಹೋಗಿ, ಬೇಲಿಯ ಹತ್ತಿರ ನಿಂತು, ಪ್ರಾರ್ಥನೆ ನನ್ನನ್ನು ದಾಟಿದ ಮೇಲೆ ಗುಣವಾಗಿ ಒಳಗೆ ಬರುತ್ತಿದ್ದೆ. ಇದು ಯಾರಿಗೂ ತಿಳಿಯದು ಎಂದು ವರ್ಷಗಟ್ಟಲೆ ನಂಬಿದ್ದೆ. ಆಮೇಲೆ ಗೊತ್ತಾಯಿತು, ಕಣ್ಣು ಮುಚ್ಚಿ ಕುಳಿತ ಹೆಂಗಸರು ನನ್ನ ಕೆಮ್ಮು ಕೇಳಿ ಮುಂದಿನ ಸರದಿಯವಳನ್ನು ತಿವಿದು ಎಬ್ಬಿಸುತ್ತಿದ್ದರಂತೆ.

ನಿಮ್ಮ ಅಜ್ಜ ಅಮ್ಮತ್ತಿಯ ಹತ್ತಿರ ಒಂದು ಎಸ್ಟೇಟಿನಲ್ಲಿ ರೈಟರ್ ಆಗಿದ್ದರು. ಆಳುಗಳ ಹಾಜರಿ, ಕೊಯ್ದ ಕಾಫಿಯ ತೂಕ ಬರೆಯುವ ಕೆಲಸ. ಅವರು ತೀರಿಕೊಂಡ ಮೇಲೆ ಸಾಹುಕಾರರು ನನ್ನನ್ನು ಹೊರಗೆ ಹಾಕಲಿಲ್ಲ. ಆಳುಗಳ ಲೈನಿನ ಕೊನೆಯ ಮನೆಯಲ್ಲಿರು, ಬಂಗಲೆಗೆ ಅಕ್ಕಿತರಿ, ಹಿಟ್ಟು ಬೀಸಿಕೊಡು ಎಂದರು. ಕೊಡಗು ಮೈಸೂರಿಗೆ ಸೇರಿ ಆಗ ಹೆಚ್ಚು ಕಾಲವಾಗಿರಲಿಲ್ಲ. ರಾಜ್ಯ ಬದಲಾಯಿತು ಎಂದು ಗಂಡಸರು ಬಸ್ಸಿನಲ್ಲೆಲ್ಲ ಮಾತಾಡುತ್ತಿದ್ದರು. ನನಗೆ ಬದಲಾದದ್ದು ಇಷ್ಟೇ: ರೈಟರ ಹೆಂಡತಿ ಹೋಗಿ ಬೀಸುವವಳಾದೆ. ಹೆಸರು ಮಾತ್ರ ರೈಟ್ರಮ್ಮ ಎಂದೇ ಉಳಿಯಿತು.

ಬೀಸುತ್ತ ಕುಳಿತರೆ ನನ್ನ ನಾಲಿಗೆ ಸಡಿಲವಾಗುತ್ತಿತ್ತು. ಅಲ್ಲಿ ಕೇಳುವವರಿಲ್ಲ, ಕಲ್ಲಿನ ಸದ್ದು ಬೇರೆ. ಬೆಳಗ್ಗೆ ಓದಿದ ಸತ್ಯವೇದದ ಭಾಗವನ್ನು ಬೀಸುವ ಪದದ ಧಾಟಿಗೆ ಹಚ್ಚುತ್ತಿದ್ದೆ. ಹಿಟ್ಟಿನಲ್ಲಿ ಹುಳಿ ಅಡಗಿಸಿಟ್ಟ ಹೆಂಗಸಿನ ಸಾಮ್ಯದ ಕಥೆಯನ್ನು ದೋಸೆ ಹಿಟ್ಟು ಉಕ್ಕಿ ಒಲೆ ಕಟ್ಟೆಯವರೆಗೆ ಹರಿದ ಹಾಡು ಮಾಡಿದೆ. ಅದನ್ನು ಮಾಡುವ ಭರದಲ್ಲಿ ನನ್ನ ನಿಜವಾದ ದೋಸೆ ಹಿಟ್ಟು ಹುಳಿಯೇರಿ ಹಂದಿಗೂ ಬೇಡವಾಯಿತು. ಇನ್ನೊಮ್ಮೆ, ಸಾಸಿವೆ ಕಾಳು ಮರವಾಗಿ ಹಕ್ಕಿಗಳು ಗೂಡು ಕಟ್ಟುತ್ತವೆ ಎಂದು ಓದಿ, ಒಗ್ಗರಣೆ ಡಬ್ಬಿಯಿಂದ ಒಂದು ಚಿಟಿಕೆ ಸಾಸಿವೆ ತೆಗೆದು ಅಂಗಳದ ಮೂಲೆಯಲ್ಲಿ ಚೆಲ್ಲಿದೆ. ಗಿಡವೇನೋ ಬಂತು. ಮೊಣಕಾಲೆತ್ತರವಾಗುವಷ್ಟರಲ್ಲಿ ಕೋಳಿಗಳು ಮುಗಿಸಿದವು. ನನ್ನ ನಂಬಿಕೆಯ ಎತ್ತರ ಇಷ್ಟೇ ಇರಬೇಕೆಂದು ಕೆಲವು ದಿನ ಕೊರಗಿದೆ. ಆಮೇಲೆ, ಹಕ್ಕಿ ಬರುತ್ತದೆ ಎಂದಿದೆಯೇ ಹೊರತು ಯಾವ ಹಕ್ಕಿ ಎಂದು ಹೇಳಿಲ್ಲವಲ್ಲ ಎಂದು ಸಮಾಧಾನ ಮಾಡಿಕೊಂಡೆ. ನನ್ನ ವೇದಜ್ಞಾನವೆಲ್ಲ ಹೀಗೆಯೇ, ಅಡುಗೆಮನೆಯಿಂದ ಅಂಗಳದವರೆಗೆ.

ಬೀಸುವಾಗ ನನ್ನ ಎದುರು ಕೂರುತ್ತಿದ್ದವಳು ದೊಡ್ಡಕ್ಕ. ಲೈನಿನವರೆಲ್ಲ ಅವಳನ್ನು ಹಾಗೆಯೇ ಕರೆಯುತ್ತಿದ್ದರು. ಹಾಸನದ ಕಡೆಯವಳು. ಗಂಡನ ಜೊತೆ ಕಾಫಿ ಕುಯ್ಲಿಗೆ ಬಂದು, ಎಸ್ಟೇಟಿನಿಂದ ಎಸ್ಟೇಟಿಗೆ ತಿರುಗಿ, ಗಂಡ ಹೋದ ಮೇಲೆ ನಮ್ಮಲ್ಲಿ ನಿಂತಿದ್ದಳು. ನನಗಿಂತ ಹತ್ತು ವರ್ಷವಾದರೂ ದೊಡ್ಡವಳು. ಕಲ್ಲಿನ ಗೂಟವನ್ನು ಇಬ್ಬರೂ ಹಿಡಿದು ತಿರುಗಿಸಿದರೆ ಅವಳ ರಾಗಿಯೂ ಆಗುತ್ತಿತ್ತು, ನನ್ನ ಅಕ್ಕಿಯೂ ಆಗುತ್ತಿತ್ತು.

ಅವಳಿಗೆ ಒಂದು ಆಸೆಯಿತ್ತು. ಕೂಸಾಗಿದ್ದಾಗಲೇ ಅವಳಿಗೆ ದೀಕ್ಷಾಸ್ನಾನವಾಗಿತ್ತು. ಆದರೆ ರೊಟ್ಟಿ, ದ್ರಾಕ್ಷಾರಸ ಕೊಡುವ ಕರ್ತನ ಭೋಜನದ ಪಂಕ್ತಿಗೆ ಸೇರಬೇಕಾದರೆ, ನಮ್ಮ ಸಭೆಯ ಪದ್ಧತಿಯಂತೆ, ಎಲ್ಲರ ಮುಂದೆ ನಿಂತು ಕರ್ತನ ಪ್ರಾರ್ಥನೆ, ಹತ್ತು ಆಜ್ಞೆ, ಕುರಿ ಕಾಯುವವನ ಕೀರ್ತನೆ ಬಾಯಿಪಾಠ ಒಪ್ಪಿಸಬೇಕು. ಊರೂರು ತಿರುಗಿದವಳಿಗೆ ಅದು ಆಗಿರಲಿಲ್ಲ. ನಮ್ಮಲ್ಲಿಗೆ ಬಂದ ಮೇಲೆ ಪ್ರತಿ ವರ್ಷ ನಿಲ್ಲುತ್ತಿದ್ದಳು. ಪ್ರಾರ್ಥನೆಯನ್ನೂ ಆಜ್ಞೆಗಳನ್ನೂ ಹೇಗೋ ಎಳೆದುಕೊಂಡು ಹೋಗುತ್ತಿದ್ದಳು. ಕೀರ್ತನೆಯ ಹತ್ತಿರ ಬಂದಾಗ ಬಾಯಿ ಕಟ್ಟುತ್ತಿತ್ತು. ಸಭೆಯ ಹಿರಿಯರಾಗಿದ್ದ ಮೇಷ್ಟ್ರು, "ಬರುವ ವರ್ಷ ನೋಡೋಣ" ಎನ್ನುತ್ತಿದ್ದರು. ಉಳಿದವರು ಮುಂದೆ ಹೋಗಿ ಮೊಣಕಾಲೂರಿದಾಗ ದೊಡ್ಡಕ್ಕ ಹಿಂದಿನ ಬೆಂಚಿನಲ್ಲಿ ಚಪ್ಪಲಿ ಕಾಯುವವಳಂತೆ ಕುಳಿತಿರುತ್ತಿದ್ದಳು.

ಆ ವರ್ಷ ಅವಳ ಮಗಳು ಹೇಳಿಕಳಿಸಿದಳು, ಕುಯ್ಲು ಮುಗಿದ ಮೇಲೆ ಊರಿಗೆ ಬಂದುಬಿಡು, ಇನ್ನು ದುಡಿದದ್ದು ಸಾಕು ಎಂದು. ಆ ಊರಿನ ಸುತ್ತಮುತ್ತ ಎಲ್ಲೂ ನಮ್ಮ ಸಭೆಯ ದೇವಾಲಯವಿರಲಿಲ್ಲ.

"ಬರೋ ವರ್ಷ ಅನ್ನೋದು ಇನ್ನು ನಂಗಿಲ್ಲ ಕಣವ್ವ" ಎಂದಳು ದೊಡ್ಡಕ್ಕ, ಕಲ್ಲು ತಿರುಗಿಸುತ್ತ. "ಒಂದ್ಸಲ ಆ ಪಂಕ್ತೀಲಿ ಕೂತೆದ್ದು ಹೋಯ್ತೀನಿ. ನಿಂಗೆ ಅಕ್ಷರ ಬತ್ತದಲ್ಲ, ಹೇಳ್ಕೊಡು."

ನಾನು ಕೆಮ್ಮಿದೆ. ಆದರೆ ಎದುರಿಗೆ ಅವಳು ಗೂಟ ಹಿಡಿದಿದ್ದಳು. ಬಿಟ್ಟು ಎದ್ದು ಹೋಗುವ ಹಾಗಿರಲಿಲ್ಲ.

ಮೊದಲು ಪುಸ್ತಕ ಹಿಡಿದು ಓದಿ ಹೇಳಿಕೊಟ್ಟೆ. ನಾನು ಹೇಳಿದಂತೆ ಹೇಳುತ್ತಿದ್ದಳು. ಮರುದಿನ ಕೇಳಿದರೆ ಕೆಸುವಿನೆಲೆಯ ಮೇಲಿನ ನೀರು, ಒಂದು ಹನಿಯೂ ಉಳಿದಿರುತ್ತಿರಲಿಲ್ಲ. ಅದೇ ದೊಡ್ಡಕ್ಕ ಬೀಸಲು ಕುಳಿತರೆ ತವರಿನ ಪದ, ಸೋದರಮಾವನನ್ನು ಬೈಯುವ ಪದ, ಮಳೆ ಕರೆಯುವ ಪದ ಒಂದರ ಹಿಂದೆ ಒಂದು ಹಾಡುತ್ತಿದ್ದಳು. ಇದನ್ನು ನೋಡಿ ನನಗೆ ಉಪಾಯ ಹೊಳೆಯಿತು. ಕೀರ್ತನೆಯನ್ನೇ ಬೀಸುವ ಪದ ಮಾಡಿದರೆ ಹೇಗೆ? ಈ ಯೋಚನೆ ಬಂದ ದಿನ ನಾನು ಬಹಳ ದೊಡ್ಡ ಕವಿ ಎಂಬ ಭಾವನೆಯಲ್ಲಿ ಬಂಗಲೆಯ ತರಿಗೆ ಉಪ್ಪು ಬೆರೆಸಿ, ಬಟ್ಲರನಿಂದ ಬೈಸಿಕೊಂಡೆ.

ಕುರಿಗಳಿಂದಲೇ ತೊಂದರೆ ಶುರುವಾಯಿತು. ನಾನು ಕುರಿಯನ್ನು ಚಿತ್ರದಲ್ಲಿ ಬಿಟ್ಟು ಬೇರೆಲ್ಲೂ ಸರಿಯಾಗಿ ನೋಡಿರಲಿಲ್ಲ. ನಮ್ಮ ಕಡೆಯ ಮಳೆಗೆ ಅವನ್ನು ಸಾಕುವವರಿಲ್ಲ. ಕೀರ್ತನೆಯಲ್ಲಿ ಬರುವ ಹಸಿರು ಹುಲ್ಲುಗಾವಲು ಎಂದರೆ ನನಗೆ ಕಾಫಿ ತೋಟವೇ. ಕುರಿಗಳನ್ನು ಕಾಫಿ ಗಿಡಗಳ ನೆರಳಿನಲ್ಲಿ ಮೇಯಲು ಬಿಟ್ಟು ಹಾಡಿದೆ. ದೊಡ್ಡಕ್ಕ ಕಲ್ಲು ನಿಲ್ಲಿಸಿದಳು.

"ಕುರೀನ ಇಲ್ಲಿಗೆ ಹೊಡೆದ್ರೆ ಸಸಿ ಒಂದೂ ಉಳಿಯಾಕಿಲ್ಲ. ಸಾಹುಕಾರ್ರು ಕೋವಿ ತಗೊಂಡು ಬತ್ತಾರೆ. ದೇವ್ರನ್ನ ಓಡಿಸ್ಬಿಟ್ಟಾರು ಕಣೆ."

ಆದ್ದರಿಂದ ಕುರಿಗಳನ್ನೇ ಬಿಟ್ಟುಬಿಟ್ಟೆ. ಕಾಯುವವನನ್ನು ಮಾತ್ರ ಇಟ್ಟುಕೊಂಡು, ಕುರಿಯ ಜಾಗದಲ್ಲಿ ನಾವಿಬ್ಬರು ನಿಂತೆವು. ಪದ ಹೀಗಾಯಿತು:

ಕಾಯುವವ ಮುಂದಿದ್ರೆ ಕೊರತೆ ನನಗೇನಿಲ್ಲ
ತೋಡಿನ ತಿಳಿನೀರ ತಡಿಯಲ್ಲಿ – ನನ್ನೊಡೆಯ
ದಣಿದ ಕಾಲಿಗೆ ನೆಳಲಾದ

ಕತ್ತಲೆ ಕಾಡಲ್ಲಿ ಕಾಲ್ದಾರಿ ಕಾಣದು
ಆನೆ ಮುರಿದಾವು ಬಿದಿರನ್ನ – ನಿನ ಕೋಲ
ಸದ್ದು ಕೇಳಿದರೆ ಭಯವಿಲ್ಲ

ವೈರಿಗಳು ನೋಡ್ತಿರಲು ಬಾಳೆಲೆ ನೀ ಹಾಸಿ
ಬಡಿಸೀಯೆ ಬಿಸಿಯ ಅನ್ನವ – ನನ ಬಟ್ಲು
ತುಂಬಿ ಅಂಗಳಕೆ ಹರಿದೀತು

ಮೊದಲ ಸಾಲನ್ನು ಕಟ್ಟಿದ ದಿನ ನನ್ನ ಮನೆಯಲ್ಲಿ ಅಕ್ಕಿಯ ಡಬ್ಬಿಯ ತಳ ಕಾಣುತ್ತಿತ್ತು. ಬೀಸುತ್ತಿದ್ದ ಅಕ್ಕಿ ಬಂಗಲೆಯದು. ಕೊರತೆ ಏನಿಲ್ಲ ಎಂದು ಹಾಡಲು ಗಂಟಲು ಒಪ್ಪಲಿಲ್ಲ. ಈ ಕೀರ್ತನೆ ಮಾಡಿದವನು ಅರಸನಾಗಿದ್ದವನು, ಹೇಳುವುದು ಅವನಿಗೆ ಸುಲಭ ಎಂದೂ ಅನ್ನಿಸಿತು. ದೊಡ್ಡಕ್ಕನಿಗೆ ಇದನ್ನು ಹೇಳಿದೆ. ಅವಳು, "ಇದ್ರೂ ಹಾಡು, ಇಲ್ದಿದ್ರೂ ಹಾಡು. ಕೈ ನಿಲ್ಲಿಸ್ಬ್ಯಾಡ, ಹಿಟ್ಟು ಬೀಳಲಿ" ಎಂದಳು. ಅರಸನೂ ಹುಡುಗನಾಗಿದ್ದಾಗ ಕುರಿಯ ಹಿಂದೆ ತಿರುಗಿದವನೇ, ಬುತ್ತಿ ಖಾಲಿಯಾದ ದಿನ ಅವನಿಗೂ ಇದ್ದಿರಬೇಕು ಎಂದು ನನಗೆ ತಿಳಿದದ್ದು ಆ ದಿನ. ಪುಸ್ತಕವನ್ನು ಎಷ್ಟು ಸಲ ಓದಿದ್ದರೂ ಅದು ತಲೆಗೆ ಹೋಗಿರಲಿಲ್ಲ.

ಪದ ದೊಡ್ಡಕ್ಕನ ಬಾಯಲ್ಲಿ ಕೂತುಬಿಟ್ಟಿತು. ಕುಯ್ಲು ಮುಗಿಯುತ್ತ ಬಂದಿತ್ತು. ನಾನು ನಿಶ್ಚಿಂತೆಯಿಂದ, ಸ್ವಲ್ಪ ಗರ್ವದಿಂದಲೂ ಇದ್ದೆ. ಒಂದು ಸಂಗತಿ ಮಾತ್ರ ನನ್ನ ಗಮನಕ್ಕೆ ಬಂದಿರಲಿಲ್ಲ. ನಾವು ಬೀಸುತ್ತಿದ್ದದ್ದು ಜಗಲಿಯಲ್ಲಿ. ಕಲ್ಲಿನ ಬಾಯಿಗೆ ಹಾಕಿದ ಒಂದು ಹಿಡಿ ಕಾಳು ಎರಡು ಪದ ಹಾಡುವಷ್ಟರಲ್ಲಿ ಮುಗಿಯುತ್ತಿತ್ತು. ಮೂರನೆಯ ಪದ ಎತ್ತಿಕೊಂಡು ನಾನು ಎಡಗೈಯಿಂದ ಹೊಸ ಹಿಡಿ ಹಾಕುವಾಗ ನಾಲ್ಕು ಕಾಳು ಹೊರಗೆ ಸಿಡಿಯುತ್ತಿದ್ದವು. ಅದಕ್ಕೇ ಕಾದಿದ್ದ ಕೋಳಿಗಳು ಓಡಿಬರುತ್ತಿದ್ದವು.

ಪರೀಕ್ಷೆಯ ಭಾನುವಾರ ಬಂತು. ಹೂಮಳೆ ಬಿದ್ದು ತೋಟವೆಲ್ಲ ಕಾಫಿ ಹೂವಿನ ವಾಸನೆ. ಅಯ್ಯನವರು, ಅಂದರೆ ನಮ್ಮ ಪಾದ್ರಿಗಳು, ತಿಂಗಳಿಗೊಮ್ಮೆ ವಿರಾಜಪೇಟೆಯಿಂದ ಬಸ್ಸಿನಲ್ಲಿ ಬರುತ್ತಿದ್ದರು. ವಯಸ್ಸು ಚಿಕ್ಕದು, ಬಂದು ವರ್ಷವೂ ಆಗಿರಲಿಲ್ಲ. ಮೇಷ್ಟ್ರು ತೆರೆದ ಸತ್ಯವೇದ ಹಿಡಿದು ಅವರ ಪಕ್ಕದಲ್ಲಿ ಕುಳಿತಿದ್ದರು. ಮೇಷ್ಟ್ರು ಕೆಟ್ಟವರಲ್ಲ. ಕೊಡಗು ಮೈಸೂರಿಗೆ ಸೇರಿದ್ದನ್ನು ಇನ್ನೂ ಒಪ್ಪದೆ, ಕಾಗದದ ಮೇಲೆ ಹಳೆಯ ವಿಳಾಸವನ್ನೇ ಬರೆಯುತ್ತಿದ್ದ ಮನುಷ್ಯ. ಇದ್ದದ್ದು ಇದ್ದಂತೆಯೇ ಇರಬೇಕು ಅವರಿಗೆ.

ಹುಡುಗಿಯರಿಬ್ಬರು ಅವಲಕ್ಕಿ ಕುಟ್ಟಿದಂತೆ ಪಟಪಟನೆ ಒಪ್ಪಿಸಿ ಕುಳಿತರು. ಆಮೇಲೆ ದೊಡ್ಡಕ್ಕ ಎದ್ದಳು. ಪ್ರಾರ್ಥನೆ ದಾಟಿತು, ಆಜ್ಞೆಗಳು ದಾಟಿದವು. ಕೀರ್ತನೆಯ ಹತ್ತಿರ ನಿಂತಳು. ಸೆರಗಿನ ತುದಿಯನ್ನು ತಿರುಚುತ್ತ ನಿಂತೇ ಇದ್ದಳು. ನಾನು ಎಂದಿನಂತೆ ಕಂಬದ ಹಿಂದಿದ್ದೆ. ಯಾರ ಕಣ್ಣಿಗೂ ಬೀಳಬಾರದೆಂದು ಸೆರಗು ಬಿಗಿಯಾಗಿ ಹೊದ್ದುಕೊಂಡೆ.

ಮೇಷ್ಟ್ರು ಅಯ್ಯನವರ ಕಿವಿಯ ಹತ್ತಿರ, ಹೋದ ವರ್ಷವೂ ಹೀಗೇ ಆಯಿತೆಂದು ಹೇಳಿದರು.

ಆಗ ದೊಡ್ಡಕ್ಕ ಹೆಂಗಸರ ಕಡೆ ತಿರುಗಿದಳು. "ರೈಟ್ರಮ್ಮಾ, ಎಲ್ಲಿದ್ದೀಯೆ? ಬಾರವ್ವ. ಕೈ ಖಾಲಿ ಇದ್ರೆ ಬಾಯಿಗೆ ಬತ್ತಾ ಇಲ್ಲ."

ನಾನು ಕೆಮ್ಮಿದೆ. ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಕೆಮ್ಮಿರಲಿಲ್ಲ. ಆದರೆ ಆ ಕೆಮ್ಮೇ ನಾನೆಲ್ಲಿದ್ದೇನೆ ಎಂದು ತೋರಿಸಿಕೊಟ್ಟಿತು. ಇಡೀ ಹೆಂಗಸರ ಸಾಲು ಕಂಬದ ಕಡೆ ತಿರುಗಿತು. ನಾನು ಕೂತೇ ಇದ್ದರೆ ಅವಳು ಮತ್ತೆ ಹಿಂದಿನ ಬೆಂಚಿಗೆ ಹೋಗಬೇಕು, ಅಲ್ಲಿಂದ ಬಸ್ಸಿಗೆ. ಎದ್ದರೆ ನಾನು ಸತ್ತೆ. ಹೇಗೆ ಎದ್ದೆನೋ ನನಗೆ ನೆನಪಿಲ್ಲ. ನಡುವಿನ ದಾರಿಯಲ್ಲಿ ನೆಲ ನೋಡುತ್ತ ನಡೆದು ಹೋದೆ.

ನಾವಿಬ್ಬರೂ ಅಯ್ಯನವರ ಪಾದದ ಮುಂದೆ ನೆಲದ ಮೇಲೆ ಎದುರುಬದುರಾಗಿ ಕುಳಿತೆವು. ಅವಳು ಕೈ ಚಾಚಿದಳು. ನಾನೂ ಚಾಚಿದೆ. ಇಲ್ಲದ ಗೂಟವನ್ನು ಹಿಡಿದು ಇಲ್ಲದ ಕಲ್ಲನ್ನು ತಿರುಗಿಸತೊಡಗಿದೆವು. ಒಂದು ಸುತ್ತು ಬರುವಷ್ಟರಲ್ಲಿ ದೊಡ್ಡಕ್ಕನ ಗಂಟಲು ತೆರೆಯಿತು. ಮೊದಲ ಪದ ಹಾಡಿದಳು. ಎರಡನೆಯದನ್ನೂ ಹಾಡಿದಳು. ಆನೆ ಬಿದಿರು ಮುರಿಯುವಲ್ಲಿ ಮೇಷ್ಟ್ರು ಪುಸ್ತಕದ ಮೇಲೆ ಬೆರಳಿಟ್ಟು ಹುಡುಕುತ್ತಿದ್ದುದು ಕಾಣಿಸಿತು. ನಾನು ತುಟಿ ಆಡಿಸುತ್ತಿದ್ದೆ, ಅಷ್ಟೆ.

ಮೂರನೆಯ ಪದದಲ್ಲಿ ವೈರಿಗಳು ನೋಡುತ್ತಿದ್ದಂತೆ ದೊಡ್ಡಕ್ಕ ಎಡಗೈ ಎತ್ತಿದಳು. ಕಾಳು ಹಾಕುವಂತೆ ಹಾಕಿದಳು. ಆಮೇಲೆ ಸಭೆಯ ಕಡೆ ಕೈ ಬೀಸಿ, ಅದೇ ರಾಗದಲ್ಲಿ, "ಹುಶ್, ಹುಶ್, ಹಾಳಾದ್ ಕೋಳಿ" ಎಂದು ಹಾಡಿ, ಬಾಳೆಲೆ ಹಾಸಿ ಮುಂದುವರಿದಳು.

ಮಕ್ಕಳು ಮೊದಲು ನಕ್ಕವು. ಆಮೇಲೆ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡರು. ಗಂಡಸರ ಕಡೆಯಿಂದ ಯಾರೋ ಜೋರಾಗಿಯೇ ನಕ್ಕರು. ದೊಡ್ಡಕ್ಕ ಮಾತ್ರ ಗಂಭೀರವಾಗಿ ಬಟ್ಟಲನ್ನು ಅಂಗಳಕ್ಕೆ ಹರಿಸಿಯೇ ನಿಂತದ್ದು.

ಮೇಷ್ಟ್ರ ಮುಖ ಕೆಂಪಾಗಿತ್ತು. "ದೇವರ ವಾಕ್ಯದಲ್ಲಿ ಕೋಳಿ ಎಲ್ಲಿಂದ ಬಂತು? ಇದು ತಮಾಷೆಯೇನು?" ಎಂದು ಕೇಳಿದರು.

ದೊಡ್ಡಕ್ಕನಿಗೆ ಅರ್ಥವಾಗಲಿಲ್ಲ. "ರೈಟ್ರಮ್ಮ ಹೆಂಗೆ ಹೇಳ್ಕೊಟ್ಟಳೋ ಹಂಗೇ ಹೇಳಿವ್ನಿ ಮೇಷ್ಟ್ರೇ. ಒಂದಕ್ಷರ ಬಿಟ್ಟಿಲ್ಲ" ಎಂದಳು.

ನಿಜ. ಒಂದಕ್ಷರ ಬಿಟ್ಟಿರಲಿಲ್ಲ. ವೈರಿಗಳು ಬಂದಾಗ ಅವರನ್ನು ಓಡಿಸಿಯೇ ಊಟಕ್ಕೆ ಕೂರಬೇಕಲ್ಲ, ಪದದಲ್ಲಿ ಅದಕ್ಕೇ ಹಾಗಿದೆ ಎಂದು ಅವಳು ತಿಳಿದಿದ್ದಳು. ಅಯ್ಯನವರು ನನ್ನ ಕಡೆ ನೋಡಿದರು. ಮೇಷ್ಟ್ರು ನೋಡಿದರು. ಈಗ ನಾನು ಬಾಯಿ ಬಿಡದಿದ್ದರೆ ದೇವರ ವಾಕ್ಯವನ್ನು ಹಾಸ್ಯ ಮಾಡಿದವಳೆಂದು ಅವಳು ಪಂಕ್ತಿಯಿಂದ ಹೊರಗೆ ಉಳಿಯುತ್ತಿದ್ದಳು. ಕೆಮ್ಮಲು ನೋಡಿದೆ. ಬೇಕಾದಾಗ ಅದೂ ಬರಲಿಲ್ಲ.

"ಅಯ್ಯನವರೇ, ಕೋಳಿ ನನ್ನದು" ಎಂದೆ.

ಹುಡುಗಿಯಾಗಿದ್ದಾಗ ಒಪ್ಪಿಸಿದ ಬಾಯಿಪಾಠ ಬಿಟ್ಟರೆ, ಸಭೆಯಲ್ಲಿ ನಾನು ಆಡಿದ ಮೊದಲ ಮಾತು ಅದು. ಬೇರೆಯವರ ಮೊದಲ ಸಾಕ್ಷಿ ಎಷ್ಟು ಚೆನ್ನಾಗಿರುತ್ತದೆ, ಕತ್ತಲೆಯಲ್ಲಿದ್ದೆ, ಬೆಳಕು ಕಂಡೆ ಎಂದು. ನನ್ನದು ಕೋಳಿ. ಮತ್ತೆ ನಗು ಎದ್ದಿತು. ಆದರೆ ಒಮ್ಮೆ ತೆರೆದ ಬಾಯಿ ಮುಚ್ಚಲಿಲ್ಲ. "ಬೀಸುವಾಗ ನಾನು ಕೋಳಿ ಓಡಿಸುತ್ತಿದ್ದೆ, ಅವಳು ಅದನ್ನೂ ಕಲಿತಳು. ಪದ ಕಟ್ಟಿದ್ದೂ ನಾನೇ. ಅವಳದೇನೂ ತಪ್ಪಿಲ್ಲ. ಅವಳನ್ನು ಬಿಟ್ಟು ಊಟ ಮಾಡಬೇಡಿ" ಎಂದೆ. ಕೊನೆಯ ಮಾತು ಎಲ್ಲಿಂದ ಬಂತೋ ತಿಳಿಯದು. ಕರ್ತನ ಭೋಜನವನ್ನು ಊಟ ಎಂದುಬಿಟ್ಟೆನಲ್ಲ ಎಂದು ಆಮೇಲೆ ನಾಚಿಕೆಪಟ್ಟೆ.

ಅಯ್ಯನವರು ಕರವಸ್ತ್ರದಿಂದ ಮುಖವನ್ನು ಬಹಳ ಹೊತ್ತು ಒರೆಸಿಕೊಂಡರು. ಆಮೇಲೆ ದೊಡ್ಡಕ್ಕನನ್ನು, "ಅಮ್ಮಾ, ನಿಮ್ಮ ಪದದಲ್ಲಿ ಮುಂದೆ ಹೋಗುವವನು ಯಾರು?" ಎಂದು ಕೇಳಿದರು.

"ಅವನೇ ಸ್ವಾಮಿ, ನಮ್ಮ ಕರ್ತ" ಎಂದಳು ಅವಳು. "ನಮ್ಮೋರು ಇದ್ದಾಗ ಮಾಕುಟ್ಟದ ಕಾಡಿಗೆ ಬಿದಿರಿಗೆ ಹೋಗಿದ್ವಿ. ಜರ ಬಂದು ಅಲ್ಲೇ ಹೋಗ್ಬಿಟ್ರು. ವಾಪಸ್ ಬರೋವಾಗ ನಾನೊಬ್ಳೇ. ಮುಂದೆ ಯಾರೋ ಇದ್ದಂಗಿತ್ತು, ಅದ್ಕೇ ನಡೆದೆ."

ಯಾರೂ ನಗಲಿಲ್ಲ. ಇಷ್ಟು ವರ್ಷ ಎದುರಿಗೆ ಕುಳಿತು ಬೀಸಿದ ನನಗೂ ಅದು ಗೊತ್ತಿರಲಿಲ್ಲ. ಆ ಆನೆ, ಬಿದಿರು ನಾನು ಕಟ್ಟಿದ್ದು, ಚೆನ್ನಾಗಿ ಬಂದಿದೆ ಎಂದು ಬೀಗಿದ್ದೆ. ಅವಳು ಹಾಡುತ್ತಿದ್ದದ್ದು ತಾನು ನಡೆದು ಬಂದ ದಾರಿಯನ್ನು.

ಮೇಷ್ಟ್ರು ಮೆಲ್ಲಗೆ, "ಆದರೂ ಮೂಲದಲ್ಲಿ ಆನೆ ಇಲ್ಲ" ಎಂದರು.

"ಮೊನ್ನೆ ನಿಮ್ಮ ಬಾಳೆ ತಿಂದು ಹೋದದ್ದು ಏನು ಮತ್ತೆ, ಮೇಷ್ಟ್ರೇ?" ಎಂದರು ಅಯ್ಯನವರು.

ಮೇಷ್ಟ್ರು ಪುಸ್ತಕ ಮುಚ್ಚಿದರು. ಕೋಳಿಯನ್ನು ತೆಗೆದರೆ ಉಳಿದದ್ದಕ್ಕೆ ತಮ್ಮ ಅಡ್ಡಿಯಿಲ್ಲ ಎಂದರು. ಮುಂದಿನ ವರ್ಷದವರು ಮಾತ್ರ ಅಚ್ಚಿನಲ್ಲಿ ಇದ್ದಂತೆಯೇ ಒಪ್ಪಿಸಬೇಕು ಎಂದೂ ಸೇರಿಸಿದರು.

ಆ ದಿನ ದೊಡ್ಡಕ್ಕ ಪಂಕ್ತಿಯಲ್ಲಿ ಮೊಣಕಾಲೂರಿದಳು. ನಾನು ಯಾವಾಗಲೂ ಎಲ್ಲರೂ ಎದ್ದ ಮೇಲೆ ಕೊನೆಗೆ ಹೋಗುವವಳು. ಅವಳು ನನ್ನ ಮೊಣಕೈ ಹಿಡಿದು ಪಕ್ಕದಲ್ಲೇ ಎಳೆದು ಕೂರಿಸಿಕೊಂಡಳು. ರೊಟ್ಟಿಯ ಚೂರನ್ನು ಅಂಗೈಯಲ್ಲಿಟ್ಟಾಗ ಅದನ್ನು ಕೂಡಲೇ ಬಾಯಿಗೆ ಹಾಕಿಕೊಳ್ಳದೆ ನೋಡುತ್ತ ಕುಳಿತಳು. ಅಯ್ಯನವರು ಬಟ್ಟಲು ಹಿಡಿದು ಕಾದರು. ಅವಸರಪಡಿಸಲಿಲ್ಲ.

ಎರಡು ದಿನ ಬಿಟ್ಟು ಕುಶಾಲನಗರದ ಬಸ್ಸಿಗೆ ಅವಳನ್ನು ಹತ್ತಿಸಿದೆ. ರಾಗಿಯ ಗಂಟು, ಚಾಪೆ, ಒಂದು ತಂಬಿಗೆ. "ಪದ ಮರೀಬ್ಯಾಡ" ಎಂದು ಅವಳೇ ನನಗೆ ಹೇಳಿದಳು, ಕಟ್ಟಿದವಳಿಗೆ. ಆಮೇಲೆ ಅವಳ ಸುದ್ದಿ ಬರಲಿಲ್ಲ. ಮುಂದಿನ ಕುಯ್ಲಿಗೆ ಬಂದವರಲ್ಲಿ ಆ ಊರಿನವರು ಯಾರೂ ಇರಲಿಲ್ಲ.

ಒಬ್ಬಳೇ ಕಲ್ಲು ತಿರುಗಿಸಿದರೆ ರಾಗ ಕೂಡುವುದಿಲ್ಲ. ಅರ್ಧ ಸುತ್ತಿಗೆ ಕೈ ಸೋಲುತ್ತದೆ. ಈಗಂತೂ ಅಮ್ಮತ್ತಿಗೆ ಹಿಟ್ಟಿನ ಮಿಲ್ಲು ಬಂದಿದೆ. ಅದರ ಸದ್ದಿಗೆ ಯಾವ ಪದವೂ ಹೊಂದುವುದಿಲ್ಲ, ನಾನು ಪ್ರಯತ್ನಿಸಿ ನೋಡಿದ್ದೇನೆ, ಮಿಲ್ಲಿನವನು ನನಗೆ ಹುಷಾರಿಲ್ಲವೇ ಎಂದು ಕೇಳಿದ. ಹೆಂಗಸರ ಕೂಟದಲ್ಲಿ ಈಗ ನನ್ನ ಸರದಿ ಬಂದರೆ ಪ್ರಾರ್ಥಿಸುತ್ತೇನೆ. ಚೆನ್ನಾಗೇನೂ ಅಲ್ಲ, ಎರಡು ಮಾತು.

ಸತ್ಯವೇದ ನಿಮ್ಮ ಮನೆಯಲ್ಲೂ ಇದೆ, ಎಲ್ಲೆಲ್ಲೂ ಸಿಗುತ್ತದೆ. ದೊಡ್ಡಕ್ಕ ಹಾಡಿದ ಪದ ಈ ಹಾಳೆಗಳಲ್ಲಿ ಬಿಟ್ಟು ಎಲ್ಲೂ ಇಲ್ಲ. ಅವಳ ಮುಖ ಕಂಡವರೂ ಒಬ್ಬೊಬ್ಬರಾಗಿ ಕಡಿಮೆಯಾಗುತ್ತಿದ್ದಾರೆ. ಆದ್ದರಿಂದ ಇವನ್ನು ತಗಡಿನ ಪೆಟ್ಟಿಗೆಯಲ್ಲಿ ಹಾಕಿ, ಒಲೆಯ ಮೇಲಿನ ಅಟ್ಟದಲ್ಲಿಡಿ. ಆಷಾಢದಲ್ಲಿ ಅಲ್ಲಿ ಮಾತ್ರ ಬೂಷ್ಟು ಹಿಡಿಯುವುದಿಲ್ಲ. ನಾಲ್ಕು ಕಾಳು ಕರಿಮೆಣಸು ಒಳಗೆ ಹಾಕಿದರೆ ಹುಳವೂ ಬರುವುದಿಲ್ಲ. ಕರುಣಾ, ನೀನು ಇವುಗಳಲ್ಲಿ ದೋಣಿ ಮಾಡಬೇಡ ಮಗು. ಮೂವರಲ್ಲಿ ಯಾರು ಇಟ್ಟುಕೊಂಡರೂ ಸರಿ, ಇಟ್ಟುಕೊಳ್ಳಿ.